ನವಿಲು ನೋಡಲು ಮಾತ್ರ

ಯಾವ ದೇಶದ ಮ್ಯೂಸಿಯಮ್ಮಿಗೆ ಹೋದರೂ ಬಾಗಿಲಲ್ಲಿ ‘ನೋಡಿ, ಮುಟ್ಟಬೇಡಿ’ ಎಂದು ಬರೆದಿರುತ್ತಾರೆ. ಜನ ತೆಪ್ಪಗೆ ನೋಡಿ ಹೋಗುತ್ತಾರೆ. ಅದೇ ಕಾನೂನನ್ನು ಹುಣಸೂರಿನ ಒಂದು ಬ್ಲೌಸ್ ಅಂಗಡಿಯಲ್ಲಿ ಜಾರಿಗೆ ತರಲು ಹೊರಟೆ. ಅವತ್ತಿನಿಂದ ನಗಲಿಕ್ಕೆಂದು ನಾನು ಬೇರೆ ಊರಿಗೆ ಹೋಗಬೇಕಾಗಿ ಬಂದಿಲ್ಲ.

ಅಂಗಡಿ ನಮ್ಮಕ್ಕನದು. ಊರೂರು ಅಲೆದು ಕಾಲು ಸೋತಾಗ ನಾನು ಬಂದು ಕೂರುವುದು ಅಲ್ಲೇ. ಸುಮ್ಮನೆ ಕೂರುವ ಜಾಯಮಾನವಲ್ಲ, ಅಕ್ಕನ ಡಿಸೈನುಗಳನ್ನೆಲ್ಲ ಒಂದು ಆನ್‌ಲೈನ್ ವೈಟ್‌ಬೋರ್ಡಿಗೆ ಅಂಟಿಸಿದೆ. ಲಿಂಕ್ ಕಳಿಸಿದರೆ ಗಿರಾಕಿಗಳು ಮನೆಯಲ್ಲೇ ಫೋನಿನಲ್ಲಿ ನೋಡಿ ಆರಿಸಬಹುದು.

೧. ಬಿಟ್ಟಿ ಬುದ್ಧಿವಾದ

ಮೊದಮೊದಲು ಡೌನ್‌ಲೋಡ್ ಬಟನ್ ಎಲ್ಲರಿಗೂ ತೆರೆದಿತ್ತು. ಬೋರ್ಡ್ ನೋಡುವವರು ಹೆಚ್ಚಿದರು, ಅಂಗಡಿಗೆ ಬರುವವರು ಕಮ್ಮಿಯಾದರು. ಒಂದು ದಿನ ಪಿರಿಯಾಪಟ್ಟಣದ ಹೆಂಗಸೊಬ್ಬರು ಬಂದು ಕವರಿನಿಂದ ಬ್ಲೌಸ್ ತೆಗೆದು ಅಕ್ಕನ ಮುಂದೆ ಹಾಸಿದರು. ಡಿಸೈನ್ ಅಕ್ಕನದೇ, ಹೊಲಿಗೆ ಬೇರೆಯವರದು.

“ಕಂಕುಳ ತಾವ ಹಿಡೀತದೆ ಕಣ್ರೀ, ಒಸಿ ಸರಿ ಮಾಡ್ಕೊಡಿ.”

“ಇದನ್ನ ನಾನು ಹೊಲಿದಿಲ್ವಲ್ಲ,” ಅಂದಳು ಅಕ್ಕ.

“ಹೊಲ್ದಿದ್ದು ನಮ್ಮೂರ ಟೈಲರ್ರು. ಡಿಸೈನ್ ನಿಮ್ ಬೋರ್ಡಿಂದ ಇಳಿಸ್ಕೊಂಡಿದ್ದು. ಅವ್ರನ್ನ ಕೇಳಿದ್ರೆ, ಡಿಸೈನ್ ಕೊಟ್ಟೋರ್ನೇ ಕೇಳಿ ಅಂದ್ಬುಟ್ರು.”

ಅಕ್ಕ ಸರಿಮಾಡಿ ಕೊಟ್ಟಳು. ಆಕೆ ಹೊರಡುವಾಗ, “ಇನ್ಮೇಲೆ ಅಳತೆನೂ ಬೋರ್ಡಿಗೇ ಹಾಕ್ಬುಡಿ, ನಿಮಗೆ ಈ ತಾಪತ್ರಯ ಇರಲ್ಲ,” ಎಂದು ಬುದ್ಧಿ ಹೇಳಿ ಹೋದರು.

೨. ಎಮ್ಮೆ

ಆಮೇಲೆ ಕೆ.ಆರ್. ನಗರದ ಮದುವೆ ಹುಡುಗಿ ಬಂದಳು. ಅವಳ ಮನೆಯ ಹೆಂಗಸರೆಲ್ಲರ ಬ್ಲೌಸೂ ಅಕ್ಕನಿಗೇ. ಮದುಮಗಳ ಬೆನ್ನಿಗೆಂದು ಅಕ್ಕ ಹೊಸದಾಗಿ ಒಂದು ನವಿಲು ಬರೆದಳು.

“ಇದನ್ನ ಬೋರ್ಡಿಗೆ ಹಾಕಿ ಅಕ್ಕ,” ಅಂದಳು ಹುಡುಗಿ. “ಎಲ್ರೂ ನೋಡ್ಲಿ, ಹೊಟ್ಟೆ ಉರ್ಕೊಳ್ಲಿ. ಆದ್ರೆ ಯಾರೂ ತಗೋಬಾರ್ದು. ಇನ್ನೊಬ್ರ ಬೆನ್ ಮೇಲೆ ಈ ನವಿಲು ಕಂಡ್ರೆ, ನಿಮ್ ಬ್ಲೌಸ್ ಬಿಚ್ಚಿಟ್ಟು ರೆಡಿಮೇಡ್ ಹಾಕ್ಕೊಂಡು ಹಸೆಮಣೆ ಏರ್ತೀನಿ.”

ಹಾಗೇನಾದರೂ ಆದರೆ ಸುತ್ತಲ ತಾಲ್ಲೂಕುಗಳ ನೆಂಟರೆದುರು ಅಕ್ಕನ ಮಾನ ಹೋದಂತೆಯೇ. ನವಿಲನ್ನು ಬೋರ್ಡಿಗೆ ಹಾಕಿ, ಅದನ್ನು ನೋಡಲು ಬರುವ ಗೆಸ್ಟುಗಳಿಗೆಲ್ಲ ಡೌನ್‌ಲೋಡ್ ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೇ ಎಚ್.ಡಿ. ಕೋಟೆಯಿಂದ ಹುಡುಗಿಯ ಚಿಕ್ಕಮ್ಮನ ಫೋನು: “ಏನವ್ವ, ಉಣ್ಣಾಕೆ ಕರ್ದು ಎಲೆ ಮುಂದೆ ಕೈ ಕಟ್ಟಾಕ್ದಂಗಾಯ್ತಲ್ಲ?”

ಗಿರಾಕಿಗೆ ಇಲ್ಲ ಅನ್ನುವುದು ಅಕ್ಕನಿಗೆ ಬಾರದ ವಿದ್ಯೆ. “ಡೌನ್‌ಲೋಡ್ ತಾನೇ ಬೇಡ ಅಂದಿದ್ದು? ಅದಕ್ಕೇ ಅವ್ರಿಗೆ ಎಡಿಟ್ ಕೊಟ್ಟೆ,” ಅಂದಳು, ಫೋನಿಟ್ಟು ನನಗೆ. ಜಗಲಿಯಲ್ಲಿ ಕೂರಬೇಡಿ ಎಂದವರಿಗೆ ಅಡುಗೆಮನೆಯ ಬೀಗದ ಕೈ ಕೊಟ್ಟ ಹಾಗೆ.

ಬೆಳಿಗ್ಗೆ ನೋಡಿದರೆ ನವಿಲು ಮೂಲೆಗೆ ಸರಿದಿತ್ತು. ನಟ್ಟನಡುವೆ ಒಂದು ಎಮ್ಮೆ. ಕೆಳಗೆ, ‘ಎರಡನೇ ಸೂಲು, ಸಾಧು, ಮಾರುವುದಿದೆ.’

ಫೋನ್ ಮಾಡಿ ಕೇಳಿದರೆ, “ನಾಕ್ ಜನ ನೋಡೋ ಜಾಗ ಅಂತ ಹಾಕ್ದೆ ಕಣವ್ವ,” ಅಂದರು ಚಿಕ್ಕಮ್ಮ.

ಎಡಿಟ್ ಕಿತ್ತುಕೊಂಡು ಎಮ್ಮೆಯನ್ನು ಅಳಿಸುವಷ್ಟರಲ್ಲಿ, ಜೀವಮಾನದಲ್ಲಿ ಬ್ಲೌಸ್ ಅಂಗಡಿ ಮೆಟ್ಟಿಲು ಹತ್ತದ ಇಬ್ಬರು ಗಂಡಸರು ಒಳಗೆ ಬಂದು, ಅತ್ತಿತ್ತ ನೋಡಿ, “ಎಮ್ಮೆ ಎಲ್ಲಿ ಕಟ್ಟಿದ್ದೀರಿ?” ಅಂದರು.

೩. ಕಂಪನಿ ಹೆಸರು

ಮದುವೆ ದಿನ ಹುಡುಗಿಯ ಬ್ಲೌಸಿನ ದಾರ ಕಟ್ಟಲು ಅಕ್ಕನೂ ನಾನೂ ಛತ್ರಕ್ಕೆ ಹೋದೆವು. ಬೆನ್ನ ಮೇಲೆ ನವಿಲು ಹಾರುವಂತಿತ್ತು. ಅಷ್ಟರಲ್ಲಿ ಬೆಟ್ಟದಪುರದಿಂದ ಹುಡುಗಿಯ ಸೋದರತ್ತೆ ಬಂದರು. ಅವರ ಬೆನ್ನ ಮೇಲೂ ಅದೇ ನವಿಲು.

“ಡೌನ್‌ಲೋಡ್ ಕೊಡ್ದಿದ್ರೆ ಏನಂತೆ? ಮಗಳ ಫೋನಲ್ಲಿ ಬೋರ್ಡ್ ತೆಗೆದೆ, ನನ್ ಫೋನಲ್ಲಿ ಅದ್ರ ಫೋಟೊ ಹೊಡ್ದೆ,” ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿಕೊಂಡರು.

ಹುಡುಗಿಯ ಕೈ ಬೆನ್ನ ದಾರಕ್ಕೆ ಹೋಯಿತು. “ರೆಡಿಮೇಡ್ ತರ್ಸಿ,” ಅಂದಳು. ಅಕ್ಕ ನನ್ನ ಸೆರಗು ಹಿಡಿದುಕೊಂಡಳು, ಮುಳುಗುವವಳಂತೆ.

ಏನೂ ತೋಚದೆ, ಎಷ್ಟು ಕದ್ದಿದ್ದಾರೋ ನೋಡೋಣವೆಂದು ಅತ್ತೆಯ ಹಿಂದೆ ಹೋದೆ. ನವಿಲಿನ ಕೊಕ್ಕಿನ ಪಕ್ಕ ಜರಿಯಲ್ಲಿ ಒಂದು ಓರೆ ಬಾಣ. ಬಾಣದ ಬಾಲಕ್ಕೊಂದು ಪುಟ್ಟ ಚೌಕ. ಚೌಕದೊಳಗೆ ಮಣಿ ಕೂಡಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ, ‘ಗೆಸ್ಟ್’.

ನಮ್ಮ ಬೋರ್ಡನ್ನು ಯಾರು ತೆರೆದರೂ ಅವರ ಬಾಣವೊಂದು ಅದರ ಮೇಲೆ ಓಡಾಡುತ್ತದೆ, ಪಕ್ಕದಲ್ಲಿ ಹೆಸರಿನ ಚೀಟಿ. ಲಾಗಿನ್ ಇಲ್ಲದವರಿಗೆಲ್ಲ ಒಂದೇ ಹೆಸರು. ಅತ್ತೆ ಫೋಟೊ ಹೊಡೆದ ಗಳಿಗೆಯಲ್ಲಿ ಯಾರದೋ ಬಾಣ ನವಿಲಿನ ಮೇಲೆ ನಿಂತಿತ್ತು. ಅವರ ಬ್ಲೌಸಿಗೆ ಜರಿ, ಮಣಿ ಹಾಕಿದ ಆರಿ ವರ್ಕಿನವನು ನಿಯತ್ತಿನ ಮನುಷ್ಯ. ಫೋಟೊದಲ್ಲಿದ್ದುದರಲ್ಲಿ ಒಂದೆಳೆಯನ್ನೂ ಬಿಟ್ಟಿರಲಿಲ್ಲ.

ಹುಡುಗಿಯನ್ನು ಕರೆದು ಬೆರಳು ತೋರಿಸಿದೆ. ಓದಿದಳು. ದಾರ ಬಿಟ್ಟ ಕೈ ಬಾಯಿಗೆ ಹೋಯಿತು.

“ಅತ್ತೆ, ಇದೇನು ಬೆನ್ ಮೇಲೆ?”

“ಅದಾ? ಕಂಪ್ನಿ ಹೆಸ್ರು ಕಣವ್ವ,” ಎನ್ನುತ್ತಾ ಅತ್ತೆ ಹುಡುಗಿಯನ್ನು ಹಿಂದುಮುಂದಾಗಿ ತಿರುಗಿಸಿದರು. ಅವಳ ನವಿಲನ್ನು ಕೊಕ್ಕಿನಿಂದ ಗರಿಯವರೆಗೆ ಸವರಿ ಹುಡುಕಿದರು. ಮುಖ ಸಣ್ಣದಾಯಿತು. ನಮ್ಮನ್ನೊಮ್ಮೆ ದುರುಗುಟ್ಟಿ, ಅವಳ ಕಿವಿಯ ಹತ್ತಿರ ಬಾಗಿದರು.

“ನಿಂದ್ರಲ್ಲಿ ಇಲ್ವಲ್ಲವ್ವ. ಮದ್ವೆ ಹೆಣ್ಣಿಗೇ ಡೂಪ್ಲಿಕೇಟ್ ಹೊಲ್ಕೊಟ್ಟವ್ರೆ. ಇರ್ಲಿ ಬುಡು, ಸೆರಗು ಹೊದ್ಕೋ, ಯಾರ್ಗೂ ಕಾಣಾಕಿಲ್ಲ.”