ಒಂದೂವರೆ ಡಿಗ್ರಿ ವಿನಯವುಳ್ಳ ಕಾವುಪೆಟ್ಟಿಗೆಯವರಿಗೆ

ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ, ಕೆಟ್ಟುಹೋದ ಹೊಲಿಗೆ ಯಂತ್ರದ ಮೇಲೆ ವಿರಾಜಮಾನರಾಗಿರುವ ಕಾವುಪೆಟ್ಟಿಗೆಯವರ ಸನ್ನಿಧಾನಕ್ಕೆ, ಅದೇ ಮನೆಯ ಯಜಮಾನನೆಂದು ಕಾಗದಪತ್ರಗಳಲ್ಲಿ ಮಾತ್ರ ಕರೆಸಿಕೊಳ್ಳುವ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್ ನಾಲ್ಕು ಜನರೆದುರು ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಹಣೆಯ ಮೇಲಿನ ಕೆಂಪು ಅಂಕಿಗಳೇ ಹಗಲಿರುಳು ಸಾರುತ್ತಿರುವುದರಿಂದ ಕುಶಲ ವಿಚಾರಿಸುವ ಶ್ರಮ ನನಗಿಲ್ಲ. ಹೊರಗೆ ಬಿಸಿಲಿರಲಿ, ಗಾಳಿಯಿರಲಿ, ಪಕ್ಕದ ಒಲೆಯ ಮೇಲೆ ಅನ್ನ ಕುದಿಯುತ್ತಿರಲಿ, ತಮ್ಮದು ಮೂವತ್ತೇಳೂವರೆ ಡಿಗ್ರಿ. ಇಷ್ಟು ಸ್ಥಿರಚಿತ್ತರು ನಮ್ಮ ವಂಶದಲ್ಲಿ ಯಾರೂ ಹುಟ್ಟಲಿಲ್ಲ. ಇಲಾಖೆಯಲ್ಲಂತೂ ಅಂಥವರನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಇಲ್ಲ.

ತಾವು ಈ ಮನೆಗೆ ಬಂದ ಕಾರಣವನ್ನು ತಮ್ಮಂಥವರು ಮರೆತಿರಬಹುದಾದ್ದರಿಂದ ನೆನಪಿಸುತ್ತೇನೆ. ನನ್ನ ಹೆಂಡತಿಯ ತಾಯಿ, ಅಂದರೆ ನಮ್ಮ ಅತ್ತೆಯವರು, ನಮ್ಮೊಡನೆ ಇರಲು ಬಂದಾಗ ಒಂದು ಟ್ರಂಕನ್ನೂ ಒಂದು ಕೋಳಿಯನ್ನೂ ತಂದರು. ಕಾಲು ಕುಳ್ಳಗಿದ್ದುದರಿಂದ ಕೋಳಿಯ ಹೆಸರು ಗಿಡ್ಡಿ. ಮೊಟ್ಟೆಯಿಡುವುದರಲ್ಲಿ ಅದರದು ಎತ್ತಿದ ಕೈ, ಆದರೆ ಕಾವಿಗೆ ಕೂರೆಂದರೆ ಆ ಕ್ಷಣವೇ ಅದಕ್ಕೆ ಬೀದಿಯಲ್ಲಿ ಜರೂರು ಕೆಲಸ ಬರುತ್ತಿತ್ತು. ಗಿಡ್ಡಿಗೆ ವಯಸ್ಸಾಗುತ್ತಿತ್ತು, ಎದುರುಮನೆಯ ಬಡಗಿಯ ಹುಂಜ ಉದಾರಿಯಾಗಿತ್ತು, ಗಿಡ್ಡಿಯದೊಂದು ಮರಿಯನ್ನು ಕಣ್ಣಾರೆ ನೋಡಬೇಕೆಂಬುದು ಅತ್ತೆಯವರ ಆಸೆಯಾಗಿತ್ತು. ಆ ಆಸೆಯನ್ನು ಈಡೇರಿಸುವ ದೊಡ್ಡಸ್ತಿಕೆ ನನಗಿರಲೆಂದು ತಮ್ಮನ್ನು ಹೊತ್ತು ತಂದೆ.

ತಮ್ಮ ಎಡಗಡೆ ಕಿವಿಯ ಬಳಿ ಬಂಗಾರದ ಬಣ್ಣದ ಒಂದು ಗುಂಡು ಚೀಟಿ ಅಂಟಿತ್ತು, ಅದರ ಮೇಲೆ 'ಪರೀಕ್ಷಿಸಲಾಗಿದೆ' ಎಂದಿತ್ತು. ಮೂವತ್ತೊಂದು ವರ್ಷ ಊರೂರಿನ ತಕ್ಕಡಿಗಳಿಗೆ ಮುದ್ರೆ ಒತ್ತಿದ ಈ ಕೈಗೆ ಮುದ್ರೆಯೆಂದರೆ ಅದೇನೋ ಭಕ್ತಿ. 'ಮುದ್ರೆ ನೋಡಿ ಮೋಸ ಹೋಗಬೇಡಿ, ಕಲ್ಲಿಟ್ಟು ತೂಗಿ ನೋಡಿ' ಎಂದು ಅಂಗಡಿಯಂಗಡಿಯಲ್ಲಿ ಗಿರಾಕಿಗಳಿಗೆ ಉಪದೇಶ ಮಾಡಿದವನೂ ನಾನೇ, ತಮ್ಮ ಚೀಟಿಯನ್ನು ಕಂಡು ಎರಡು ಸಲ ತಲೆಯಾಡಿಸಿ ಹನ್ನೊಂದು ಮೊಟ್ಟೆಗಳನ್ನು ಒಳಗಿಟ್ಟವನೂ ನಾನೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆಯಿದೆ. ನಾನು ಗಾಳಕ್ಕೆ ನಾನೇ ಸಿಕ್ಕಿಕೊಂಡೆ ಎಂಬುದಷ್ಟೇ ವ್ಯತ್ಯಾಸ.

ಇನ್ನು ನಮ್ಮ ಮನೆಯ ಮಾತಿನ ರೀತಿಯನ್ನು ತಾವು ಓಣಿಯಲ್ಲಿ ಕುಳಿತು ಗಮನಿಸಿಯೇ ಇರುತ್ತೀರಿ. ಅತ್ತೆಯವರೂ ನಾನೂ ಒಬ್ಬರೊಂದಿಗೊಬ್ಬರು ನೇರವಾಗಿ ಮಾತನಾಡುವುದಿಲ್ಲ. ಜಗಳವೇನೂ ಇಲ್ಲ, ಮರ್ಯಾದೆ ಹೆಚ್ಚು. ಅವರಿಗೆ ಹೇಳಬೇಕಾದುದನ್ನು ನಾನು ಹೆಂಡತಿಗೆ ಹೇಳುತ್ತೇನೆ, ಹೆಂಡತಿಯಿಲ್ಲದಿದ್ದರೆ ಬಾಗಿಲಿಗೆ. ನನ್ನ ಚಹಾ ಆರುತ್ತಿದ್ದರೆ ಅವರು ಲೋಟಕ್ಕೆ ಹೇಳುತ್ತಾರೆ. ತಾವು ಬಂದ ಮೇಲೆ ಬಾಗಿಲು, ಲೋಟಗಳ ಕೆಲಸವೆಲ್ಲ ತಮ್ಮ ಪಾಲಿಗೆ ಬಂತು.

ಆರನೆಯ ದಿನ ಅತ್ತೆಯವರು ತಮ್ಮ ಮುಚ್ಚಳ ತೆಗೆದು, ಒಂದು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿದು, ನನಗೆ ಕೇಳಿಸುವಂತೆ ತಮ್ಮೊಡನೆ ಅಂದರು: "ಏನಪ್ಪಾ ಪೆಟ್ಟಿಗೆ, ಕಣ್ಣಿಗೆ ಚುರ್ ಅಂತಿದೆಯಲ್ಲೋ. ಕೋಳಿ ಹೊಟ್ಟೆ ಕೆಳಗೆ ಇಷ್ಟು ಸೆಕೆ ಇರಲ್ಲ ಕಣೋ." ನಾನು ಪತ್ರಿಕೆ ಮಡಿಸಿಟ್ಟು ತಮ್ಮೊಡನೆಯೇ ಉತ್ತರಿಸಿದೆ: "ಪೆಟ್ಟಿಗೆಯವರೇ, ಕಣ್ಣುರೆಪ್ಪೆಗೆ ಮುದ್ರೆ ಹಾಕೋ ಇಲಾಖೆ ಇನ್ನೂ ಹುಟ್ಟಿಲ್ಲ ಅಂತ ಹೇಳಿಬಿಡಿ." ಬಹಳ ಚುರುಕಾದ ಮಾತು ಆಡಿದೆನೆಂದು ಅಂದು ಮಧ್ಯಾಹ್ನದವರೆಗೂ ಖುಷಿಯಲ್ಲಿದ್ದೆ. ಅತ್ತೆಯವರು ಮೊಟ್ಟೆಯನ್ನು ಒಳಗಿಟ್ಟು ಮುಚ್ಚಳ ಹಾಕಿದರು, ಆಮೇಲೆ ಎಷ್ಟೋ ದಿನ ತಮ್ಮ ಹತ್ತಿರ ಬರಲಿಲ್ಲ.

ತೇವಾಂಶದ ವಿಷಯದಲ್ಲೂ ತಾವು ನಲವತ್ತು, ನಲವತ್ತೆರಡು ಎಂದು ಸೊರಗಿದ ದನಿಯಲ್ಲೇ ಹೇಳುತ್ತಿದ್ದುದರಿಂದ, ಅಯ್ಯೋ ಪಾಪ, ಗಂಟಲೊಣಗಿರಬೇಕು ಎಂದು ತಮ್ಮ ತಟ್ಟೆಗೆ ದಿನಕ್ಕೆರಡು ಹೊತ್ತು ನೀರೆರೆದೆ. ಮರಿಗಳು ಹೊರಬರಬೇಕಾದ ಇಪ್ಪತ್ತೊಂದನೆಯ ದಿನ ಬಂತು, ಹೋಯಿತು. ಇಪ್ಪತ್ತನಾಲ್ಕರಂದು ಅತ್ತೆಯವರು ಹನ್ನೊಂದನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಬಂದು ಎಂದಿನಂತೆ ಅಕ್ಕಿ ಆರಿಸಲು ಕುಳಿತರು. ಅದೇ ವಾರ ಒಂದು ಬೆಳಿಗ್ಗೆ ಗಿಡ್ಡಿ ತನ್ನ ಬುಟ್ಟಿಯಿಂದ ಏಳಲಿಲ್ಲ. ಅದು ಕೊನೆಯ ಹತ್ತು ದಿನಗಳಲ್ಲಿ ಇಟ್ಟ ಏಳು ಮೊಟ್ಟೆಗಳು ಅತ್ತೆಯವರ ಟ್ರಂಕಿನ ಪಕ್ಕ ಹಳೆಯ ಬಟ್ಟೆಯಲ್ಲಿದ್ದವು. ಇನ್ನು ಗಿಡ್ಡಿಯದೆಂದು ಲೋಕದಲ್ಲಿ ಉಳಿದದ್ದು ಅಷ್ಟೇ. ಅಂದು ನನಗೆ ನಾಚಿಕೆಯಾಯಿತು, ಊಟ ಸೇರಲಿಲ್ಲ.

ಅಷ್ಟಾದ ಮೇಲೆ ಈ ಇನ್‌ಸ್ಪೆಕ್ಟರನಿಗೆ ಇನ್‌ಸ್ಪೆಕ್ಟರಿಕೆ ನೆನಪಾಯಿತು. ಮಂಜುಗಡ್ಡೆಯನ್ನು ಕುಟ್ಟಿ ಲೋಟಕ್ಕೆ ತುಂಬಿ, ಸ್ವಲ್ಪ ನೀರು ಬೆರೆಸಿ, ಬಿಸಿ ತೇವಗಳನ್ನು ಮೂಸುವ ತಮ್ಮ ತಂತಿಯ ಮೂಗಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಅದರಲ್ಲಿ ಅದ್ದಿದೆ. ಕರಗುವ ಮಂಜುಗಡ್ಡೆ ಸೊನ್ನೆ ಡಿಗ್ರಿಯೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ತಾವು ಸೊನ್ನೆಗಿಂತಲೂ ಒಂದೂವರೆ ಕೆಳಗೆ ತೋರಿಸಿದಿರಿ. ಮೂಗನ್ನು ಒರೆಸಿ, ಒದ್ದೆ ಮಾಡಿದ ಅಡುಗೆ ಉಪ್ಪಿನ ಬಟ್ಟಲಿನ ಜೊತೆ ಬಿಗಿಯಾದ ಡಬ್ಬದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಿಸಿದೆ. ಅಂಥ ಡಬ್ಬದೊಳಗಿನ ತೇವಾಂಶ ಎಪ್ಪತ್ತೈದಕ್ಕೆ ಬಂದು ನಿಲ್ಲಬೇಕು. ತಾವು ಅರವತ್ತೊಂದು ಎಂದಿರಿ, ಎಂದರೆ ತಮ್ಮ ಗಂಟಲು ಒಣಗಿರಲೇ ಇಲ್ಲ, ನಾನು ಎರೆದದ್ದೆಲ್ಲ ಹೆಚ್ಚಿನ ನೀರು. ಹಾಗೆಯೇ ಮೂವತ್ತೇಳೂವರೆ ಎಂದು ತಾವು ನುಡಿಯುವಾಗ ಒಳಗಿದ್ದದ್ದು ಮೂವತ್ತೊಂಬತ್ತು. ಅತ್ತೆಯವರ ಕಣ್ಣುರೆಪ್ಪೆ ಆರನೆಯ ದಿನವೇ ಹೇಳಿದ್ದೂ ಅದನ್ನೇ.

ಮಾನ್ಯರೇ, ಇದನ್ನು ನಾನು ಸುಳ್ಳೆಂದು ಕರೆಯಲಾರೆ. ಇದ್ದುದಕ್ಕಿಂತ ಹೆಚ್ಚು ಹೇಳಿಕೊಳ್ಳುವವರೇ ತುಂಬಿರುವ ಈ ಕಾಲದಲ್ಲಿ, ಬಿಸಿಯಲ್ಲಾಗಲಿ ತೇವದಲ್ಲಾಗಲಿ ಇದ್ದುದಕ್ಕಿಂತ ಕಡಿಮೆಯೇ ಹೇಳಿಕೊಳ್ಳುವ ತಮ್ಮ ವಿನಯಕ್ಕೆ ಶಾಲು ಹೊದಿಸಬೇಕಿತ್ತು, ಆದರೆ ತಮಗೆ ಇನ್ನೂ ಸೆಕೆಯಾದೀತೆಂದು ಬಿಟ್ಟಿದ್ದೇನೆ. ಇಷ್ಟರ ಮೇಲೆ ನನ್ನ ಸಣ್ಣಪುಟ್ಟ ಕೋರಿಕೆಗಳು: ತಾವು ದಯಮಾಡಿ ನನ್ನ ವಯಸ್ಸನ್ನೂ, ಹೊಟ್ಟೆಯ ಸುತ್ತಳತೆಯನ್ನೂ, ಡಾಕ್ಟರು ಬರೆದಿಟ್ಟ ರಕ್ತದೊತ್ತಡವನ್ನೂ ಇದೇ ವಿನಯದಿಂದ ಅಳೆದುಕೊಡಬೇಕು, ಮುಂದಿನ ಸಲ ಕಾವು ತಪ್ಪಿದರೆ ಇಪ್ಪತ್ತೊಂದು ದಿನ ತಾವೇ ಪುಕ್ಕ ಬೆಳೆಸಿಕೊಂಡು ಮೊಟ್ಟೆಗಳ ಮೇಲೆ ಕೂರಬೇಕು, ಆ ಬಂಗಾರದ ಚೀಟಿ ಅಂಟಿಸಿದ ಮಹನೀಯರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮೊಳಗೆ ಅತಿಥಿಯಾಗಿ ಕೂರಿಸಿಕೊಳ್ಳಬೇಕು.

ತಮ್ಮ ಹಣೆಗೆ ನಾನೀಗ ಅಂಟಿಸಿರುವ 'ಒಂದೂವರೆ ಸೇರಿಸಿ ಓದಿಕೊಳ್ಳುವುದು' ಎಂಬ ಚೀಟಿಗೆ ಬೇಸರಿಸಬೇಡಿ. ತಮ್ಮನ್ನು ಮೂವತ್ತಾರಕ್ಕೆ ಇಳಿಸಿ, ತಟ್ಟೆಯ ನೀರು ತಗ್ಗಿಸಿ, ಏಳು ಮೊಟ್ಟೆಗಳನ್ನು ಇಟ್ಟೆವು. ಮರುದಿನ ನಾನು ತಮ್ಮ ಮುಂದೆ ನಿಂತು, ಯಾರಾದರೂ ಒಮ್ಮೆ ಮೊಟ್ಟೆಯನ್ನು ಕಣ್ಣಿಗೊತ್ತಿ ನೋಡಿದರೆ ಚೆನ್ನಾಗಿತ್ತು ಎಂದು ತಮಗೆ ಹೇಳಿದ್ದು ತಮಗೆ ನೆನಪಿರಬಹುದು. ಅತ್ತೆಯವರು ಅಕ್ಕಿಯ ಮೊರ ಬಿಟ್ಟು ಎದ್ದು ಬಂದರು.

ಇಂದು ಇಪ್ಪತ್ತೊಂದನೆಯ ದಿನ. ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಮರಿಗಳು ಹೊರಬಂದಿವೆ, ಐದನೆಯದು ಒಳಗಿನಿಂದ ಕುಟ್ಟುತ್ತಿದೆ. ಒಂದರ ಕಾಲು ಕುಳ್ಳಗಿದೆ. ಆ ಹನ್ನೊಂದರ ತಪ್ಪು ತಮ್ಮದಲ್ಲ, ಕಲ್ಲಿಟ್ಟು ನೋಡದವನದು, ಹೇಳಿದವರ ಮಾತನ್ನು ಕೇಳದವನದು. ತಾವು ಈ ಮಾತನ್ನು ಮನಸ್ಸಿಗೆ ತಂದುಕೊಂಡು ಕ್ಷಮಿಸಬೇಕು.

ಒಂದೂವರೆ ಡಿಗ್ರಿ ಸೇರಿಸಿಯೇ ನಂಬುವ
ತಮ್ಮ ವಿಶ್ವಾಸಿ,
ಕಣ್ಣಿದ್ದೂ ಚೀಟಿ ಓದಿದವನು

ತಾ.ಕ.: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಅತ್ತೆಯವರಲ್ಲಿ ಕೇಳಬೇಕಾದ ಕ್ಷಮೆಯನ್ನು ಪೆಟ್ಟಿಗೆಯಲ್ಲಿ ಕೇಳಿದ ಅಳಿಯನಿಗೆ ಗಾದೆ ಇನ್ನೂ ಹುಟ್ಟಿಲ್ಲವಾದ್ದರಿಂದ, ಈ ಪತ್ರವನ್ನು ಇದೀಗ ತಮ್ಮೆದುರು ನಿಂತು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ ತಮ್ಮೊಡನೆ ಅಂದ ಮಾತನ್ನು ದಾಖಲೆಗಾಗಿ ಇಲ್ಲಿ ಸೇರಿಸಿದ್ದೇನೆ: "ಪೆಟ್ಟಿಗೆಯಪ್ಪಾ, ಅವರ ಕಾಗದಾನೂ ಇರೋದಕ್ಕಿಂತ ಒಂದೂವರೆ ಕಮ್ಮೀನೇ ಹೇಳ್ತು. ಪರವಾಗಿಲ್ಲ, ನಾನು ಸೇರಿಸ್ಕೊಂಡೇ ಕೇಳಿಸ್ಕೊಂಡೆ ಅಂತ ಹೇಳು."