ಗಂಡನ ಹೆಸರು ಕೂಗಿಸುವ ಕಡಲಿನ ಕಾನೂನು

ಚನ್ನಗಿರಿ, ಮಾರ್ಚ್ ೧೯೮೪

ಹವಳದ್ವೀಪ ಸಾಹಸ ಪ್ರವಾಸ ಮಂಡಳಿಯ ವ್ಯವಸ್ಥಾಪಕರಾದ ಬೆನಕಪ್ಪನವರ ಸನ್ನಿಧಾನಕ್ಕೆ ಕಸ್ತೂರಮ್ಮ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಅಡಿಕೆ ಮಂಡಿಯಿಂದಾಚೆ ಲೋಕವನ್ನೇ ಕಾಣದ ನಮ್ಮ ಮನೆಯವರನ್ನು ಹೊನ್ನಾಳಿ, ನ್ಯಾಮತಿ, ಜಗಳೂರಿನ ದಂಪತಿಗಳ ಜೊತೆ ಹಡಗು ಹತ್ತಿಸಿ, ಮುಖಕ್ಕೆ ಗಾಜು, ಬಾಯಿಗೆ ಕೊಳವೆ ಕೊಟ್ಟು ಸಮುದ್ರದಲ್ಲಿ ತೇಲಿಬಿಟ್ಟ ತಮ್ಮ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ. ನೀರೊಳಗಿನ ಚೆಲುವು ಗಂಡಸರಿಗೆ, ದೋಣಿಯಲ್ಲಿ ಕೂತು ಕಾಯುವುದು ಹೆಂಗಸರಿಗೆ ಎಂಬ ಹಂಚಿಕೆಯೂ ನ್ಯಾಯವಾಗಿಯೇ ಇತ್ತು. ಮನೆಯಲ್ಲೂ ಹಾಗೇ ತಾನೆ. ನನ್ನ ದೂರು ಒಂದೇ ನಿಯಮದ ಮೇಲೆ: ಗಂಡ ದೂರ ಹೋದರೆ ಹೆಂಡತಿ ಅವನ ಹೆಸರು ಕೂಗಬೇಕೆಂಬುದು.

ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಆದ್ದರಿಂದ ನಮ್ಮವರು ಪಟ್ಟೆಪಟ್ಟೆ ಮೀನೊಂದರ ಹಿಂದೆ ಬಿದ್ದು, ಸೆಳವಿಗೆ ಸಿಕ್ಕಿ ದೂರವಾಗುವುದು ಕಂಡಾಗ, ಮನೆಯಲ್ಲಿ ಕರೆಯುವ ಹಾಗೆಯೇ "ಏನ್ರೀ, ಇತ್ಲಾಗೆ ಬರ್ರಿ" ಎಂದು ಕೂಗಿದೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಯಜಮಾನರೆಲ್ಲ ತಮ್ಮ ತಮ್ಮ ಮೀನು ಬಿಟ್ಟು ದಡಬಡನೆ ಬಂದು ದೋಣಿ ಹಿಡಿದುಕೊಂಡರು. ಇಷ್ಟು ವಿಧೇಯರಾದ ಗಂಡಂದಿರನ್ನು ಆರಿಸಿ ಕರೆತಂದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮವರು ಮಾತ್ರ, ಯಾರದೋ ಹೆಂಡತಿ ಯಾರನ್ನೋ ಕರೆಯುತ್ತಿದ್ದಾಳೆಂದುಕೊಂಡು ಮುಂದಕ್ಕೇ ಹೋದರು.

"ಹೆಸರು ಹೇಳ್ರಮ್ಮ, ನಾನೇ ಕೂಗ್ತೀನಿ" ಎಂದಿರಿ, ದೋಣಿಯಲ್ಲಿ ಪಕ್ಕದಲ್ಲೇ ಕೂತಿದ್ದ ತಾವು. "ಆರು ಮುಖದ ದೇವ್ರ ಹೆಸರು ಐತ್ರೀ" ಎಂದೆ. ದೈವಭಕ್ತರಾದ ತಾವು ಕಣ್ಣು ಮುಚ್ಚಿ, ಬ್ರಹ್ಮನಿಂದ ಆರಂಭಿಸಿ ಒಬ್ಬೊಬ್ಬ ದೇವರ ಮುಖಗಳನ್ನೂ ಎಣಿಸುತ್ತ ಕೂತಿರಿ. ಅಷ್ಟರಲ್ಲಿ ತೆಂಗಿನಕಾಯಿಯಷ್ಟು ಕಾಣುತ್ತಿದ್ದ ನಮ್ಮವರ ತಲೆ ಅಡಿಕೆಯಷ್ಟಾಯಿತು. ಹೆಸರು ಹೇಳಿದರೆ ಆಯುಸ್ಸು ಹೋಗುತ್ತದೆ, ಹೇಳದಿದ್ದರೆ ಮನುಷ್ಯನೇ ಹೋಗುತ್ತಾನೆ. ಗಂಟಲು ಹರಿಯುವಂತೆ ಕೂಗಿಬಿಟ್ಟೆ. ಅವರು ತಿರುಗಿ ಕೈಯೆತ್ತಿದರು. ದೋಣಿಯವನು ಹಗ್ಗ ಎಸೆದು ಎಳೆದುಕೊಂಡ.

ಆದಕಾರಣ ಮುಂದಿನ ಪ್ರವಾಸದಲ್ಲಿ ಒಂದು ಸಮುದ್ರಕ್ಕೆ ಒಬ್ಬನೇ ಗಂಡನನ್ನು ಇಳಿಸಬೇಕೆಂದೂ, ಮೀನುಗಳಿಗೆ "ಏನ್ರೀ" ಎಂಬುದು ಯಾರನ್ನು ಕುರಿತದ್ದೆಂದು ತಿಳಿಸಿ ಆ ಗಂಡನನ್ನು ಹಿಂದಕ್ಕೆ ಅಟ್ಟುವ ತರಬೇತಿ ಕೊಡಬೇಕೆಂದೂ, ನಾನು ಕೂಗಿದ್ದರಿಂದ ನಮ್ಮವರ ಆಯುಸ್ಸಿನಲ್ಲಿ ಕಡಿತವಾದ ಭಾಗವನ್ನು ಮಂಡಳಿಯೇ ತುಂಬಿಕೊಡಬೇಕೆಂದೂ ಸವಿನಯವಾಗಿ ಬೇಡುತ್ತೇನೆ.

ತಮ್ಮ ದಯೆಯಿಂದ ಇನ್ನೂ ಮುತ್ತೈದೆಯಾಗಿ ಉಳಿದಿರುವ,
ತಮ್ಮ ವಿಶ್ವಾಸಿ,
ಕಸ್ತೂರಮ್ಮ

ಮರೆತ ಮಾತು: ನಾಲ್ಕು ಜನರ ಮುಂದೆ ಹೆಸರು ಹಿಡಿದು ಕರೆದೆನೆಂದು ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ, ಉಸಿರಾಡುತ್ತಿದ್ದಾರೆ, ನನಗೆ ಅಷ್ಟು ಸಾಕು. ನಿನ್ನೆ "ಏನ್ರೀ" ಎಂದು ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ. "ಷಣ್ಮುಖಪ್ಪಾರೇ, ಉಣ್ಣಾಕೆ ಬರ್ರಿ" ಎಂದೆ, ಬೀದಿಗೆ ಕೇಳುವಂತೆ. ಈ ಅನುಕೂಲವನ್ನು ತಾವು ಜಾಹೀರಾತಿನಲ್ಲಿ ಯಾಕೆ ಹಾಕಿರಲಿಲ್ಲವೋ ತಿಳಿಯದು. ಎದ್ದು ಬಂದು, ತಲೆ ತಗ್ಗಿಸಿ ಉಂಡರು.