ರೇಡಿಯೋಗೆ ಸಿಕ್ಕ ಉಲ್ಕೆ, ನನಗೆ ಕಂಡ ಉಲ್ಕೆ

ವಿಜ್ಞಾನದ ಮೇಷ್ಟ್ರನ್ನು ಕಟ್ಟಿಕೊಂಡ ಮನೆಯಲ್ಲಿ ನಗುವುದಕ್ಕೆ ಹಬ್ಬ ಬರಬೇಕಾಗಿಲ್ಲ. ಅವರು ಹೊಸ ಪ್ರಯೋಗವೊಂದನ್ನು ಹಿಡಿದರೆ ಸಾಕು.

ಕೆಲಸ ಹಂಚಿಕೆ

ಗುಂಡ್ಲುಪೇಟೆಯಲ್ಲಿ ಸಂಸಾರ ಹೂಡಿದ ಎರಡನೇ ಡಿಸೆಂಬರಿನಲ್ಲಿ ನಮ್ಮ ಯಜಮಾನರು ಉಲ್ಕೆಗಳ ಹಿಂದೆ ಬಿದ್ದರು. ಕಣ್ಣಿಗೆ ಎಷ್ಟು ಕಾಣುತ್ತವೆ, ರೇಡಿಯೋಗೆ ಎಷ್ಟು ಸಿಗುತ್ತವೆ ಅಂತ ಹೋಲಿಸಬೇಕಂತೆ. ಇಲ್ಲಿಗೆ ಕೇಳಿಸದ ದೂರದ ಸ್ಟೇಷನ್ನಿಗೆ ರೇಡಿಯೋ ತಿರುಗಿಸಿಡುವುದು. ಉಲ್ಕೆ ಉರಿದು ಹೋದಾಗ ಅದರ ಜಾಡಿಗೆ ತಾಗಿ ಆ ಸ್ಟೇಷನ್ನಿನ ದನಿ ಒಂದು ಗಳಿಗೆ ಇಲ್ಲಿಗೆ ಬರುತ್ತದೆ. ಒಂದು ದನಿಗೆ ಒಂದು ಉಲ್ಕೆ.

“ನೋಡಿದವರು ಅಂತ ನಿನ್ನ ಹೆಸರು ಹಾಕಿ, ಚಾಮರಾಜನಗರದ ಮೇಷ್ಟ್ರುಗಳ ಸಭೆಯಲ್ಲಿ ಓದ್ತೀನಿ ಕಣೆ” ಅಂದರು. ಹತ್ತನೇ ಕ್ಲಾಸಿನ ಹಾಜರಿ ಮುಗಿದ ಮೇಲೆ ನನ್ನ ಹೆಸರನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಒಪ್ಪಿಬಿಟ್ಟೆ.

ನಸುಕಿನ ನಾಲ್ಕಕ್ಕೆ ನಾನು ಕೂಸನ್ನು ಎತ್ತಿಕೊಂಡು ತಾರಸಿಯ ಮೇಲೆ. ಅವರು ರೇಡಿಯೋ ಜೊತೆ ಒಳಗೆ, ಕಂಬಳಿಯಲ್ಲಿ.

“ಚಳಿ ನನಗೆ, ಕಂಬಳಿ ನಿಮಗಾ?”

“ರೇಡಿಯೋಗೆ ಥಂಡಿ ಹಿಡಿದ್ರೆ ಕೆಟ್ಟುಹೋಗುತ್ತೆ.”

“ಕೂಸಿಗೆ?”

“ಅದಕ್ಕೆ ನೀನಿದ್ದೀಯಲ್ಲ!”

ಹಾಡುವ ಉಲ್ಕೆ

ಮೊದಲನೇ ದಿನ ರೇಡಿಯೋದಿಂದ ಅರ್ಧ ಮಾತು ಬರುವುದು, ನಿಲ್ಲುವುದು. ಕುದೇರಿನಿಂದ ಬಂದಿದ್ದ ಅತ್ತೆಗೆ ತಡೆಯಲಾಗಲಿಲ್ಲ. “ಇದೇನ್ಲಾ ಮಗ, ಗಂಟ್ಲು ಹಿಸುಕ್ದಂಗೆ ಒಂದ್ ಮಾತಾಡಿ ಸುಮ್ಕಾಗ್ತದೆ? ಕೆಟ್ಟೋಗದೆ ಬುಡು” ಅಂದರಂತೆ. ಮಗನ ಉತ್ತರ ಬರೀ ಗೊರಕೆ. ಅತ್ತೆ ತಾವೇ ತಿರುಗಿಸಿ, ಇಲ್ಲಿಗೆ ಚೆನ್ನಾಗಿ ಕೇಳಿಸುವ ಕೇರಳದ ಕಡೆಯ ಸ್ಟೇಷನ್ ಹಿಡಿದರು.

ಸ್ವಲ್ಪ ಹೊತ್ತಿಗೆ ಹಾಡು ಕೇಳಿ ಎಚ್ಚೆತ್ತ ಯಜಮಾನರು ರೇಡಿಯೋ ಸಮೇತ ಮೆಟ್ಟಿಲು ಹತ್ತಿ ಓಡಿಬಂದರು. “ಎಲ್ಲೇ, ಎಲ್ಲಿ? ಆಗಿಂದ ಹಾಡ್ತಾನೇ ಇದೆ! ಇಷ್ಟು ದೊಡ್ಡ ಉಲ್ಕೆ ಹುಟ್ಟೇ ಇಲ್ಲ!”

ಉಲ್ಕೆ ಸೋಪಿನ ಜಾಹೀರಾತು ಶುರು ಮಾಡಿದ ಮೇಲೆಯೇ ಅವರಿಗೆ ಅನುಮಾನ ಬಂದದ್ದು.

ಒಂದೇ ಆಕಾಶ

ಮಾರನೇ ದಿನ ಅತ್ತೆಯನ್ನು ದೂರವಿಟ್ಟು ಒಂದು ಗಂಟೆ ಎಣಿಸಿದೆವು. ರೇಡಿಯೋ ಇಪ್ಪತ್ತೇಳು, ನಾನು ಹನ್ನೊಂದು.

“ಒಂದೇ ಆಕಾಶ, ಎರಡು ಲೆಕ್ಕ ಹೆಂಗೆ? ನೀನು ನಿದ್ದೆ ಹೊಡೆದಿದ್ದೀಯ.”

“ಹಾಲು ಕುಡಿಸುವಾಗಲೂ ಕಣ್ಣು ಮೇಲೇ ಇತ್ತು ರೀ. ನನ್ನ ಹೆಸರಿನ ಮುಂದೆ ಸುಳ್ಳು ಬರೀಬೇಡಿ.”

ಎರಡೂ ಕಡೆ ಇಪ್ಪತ್ತೇಳು ಅಂತಲೇ ಬರೆದರು. ಹೆಸರು ನನ್ನದೇ, ಕಣ್ಣು ಯಾರದೋ!

ಚಾಮರಾಜನಗರದ ಸಭೆ

ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನೂ ಹೋದೆ. ಯಜಮಾನರು ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಸೆರಗು ಸರಿಮಾಡಿಕೊಂಡೆ. “ರೇಡಿಯೋ ಇಪ್ಪತ್ತೇಳು, ಕಣ್ಣು ಇಪ್ಪತ್ತೇಳು!” ಮೇಷ್ಟ್ರುಗಳೆಲ್ಲ ಚಪ್ಪಾಳೆ ತಟ್ಟಿದರು.

ಅಧ್ಯಕ್ಷರಾಗಿದ್ದ ಹಿರಿಯ ಲೆಕ್ಚರರು ಮಾತ್ರ ಕನ್ನಡಕ ತೆಗೆದರು. “ಕಣ್ಣಿಗೆ ಕಾಣದ ಸಣ್ಣ ಉಲ್ಕೆಯೂ ರೇಡಿಯೋಗೆ ಸಿಗುತ್ತೆ. ಎರಡೂ ಸಮ ಬರೋದು ಹೇಗೆ? ಯಾರೋ ಎಣಿಕೆ ಕೆಡಿಸಿದ್ದಾರೆ. ಯಾರು?”

ಯಜಮಾನರ ಬೆರಳು ನೆಟ್ಟಗೆ ನನ್ನ ಕಡೆ ತಿರುಗಿತು. “ಇವಳು ಸಾರ್. ಮಗು ಎತ್ಕೊಂಡು ಎಣಿಸಿದ್ಲು.”

ಎದ್ದು ನಿಂತೆ. “ಸಾರ್, ಆಕಾಶದಿಂದ ಉದುರಿದ್ದು ನಾನು ಕಂಡಂತೆ ಹನ್ನೊಂದೇ. ಮಿಕ್ಕ ಹದಿನಾರು ಇವರ ಪೆನ್ನಿಂದ ಉದುರಿದ್ವು.”